ಗೋಕುಲಂನ ರಗ್ಬಿ ಕೆಫೆ: ಆ ಬೋರ್ಡ್ ನೋಡಲಿಕ್ಕಾದರೂ ಒಮ್ಮೆ ಹೋಗಿ

ಮೈಸೂರಿನಲ್ಲಿ ರಗ್ಬಿ ನೋಡಲು ಒಂದು ಒಳ್ಳೆ ಜಾಗ ಇದೆ. ಗೋಕುಲಂನಲ್ಲಿ, ಮನೆಯೊಂದರ ಮಹಡಿ ಮೇಲೆ. ಕ್ರಿಕೆಟ್ ಇದ್ದ ದಿನ ದೊಡ್ಡ ಪರದೆ ಹಾಕುವ ಹೋಟೆಲ್‌ಗಳು ಊರಲ್ಲಿ ಬೇಕಾದಷ್ಟಿವೆ, ಫುಟ್‌ಬಾಲ್‌ಗೂ ಒಂದೆರಡು ಸಿಗುತ್ತವೆ, ಆದರೆ ಶನಿವಾರ ತಿಂಡಿ ಮುಗಿಸಿ ಹೋಗಿ ಕೂತರೆ ಪರದೆ ಮೇಲೆ ನ್ಯೂಜಿಲೆಂಡ್‌ನ ಕ್ಲಬ್ ರಗ್ಬಿ, ಕೈಯಲ್ಲಿ ಫಿಲ್ಟರ್ ಕಾಫಿ, ಎದುರಿಗೆ ಇಡೀ ತಂಡದ ಲೆಕ್ಕಾಚಾರ ಬರೆದಿಟ್ಟ ಬೋರ್ಡು, ಇಂಥದ್ದು ನನಗೆ ಗೊತ್ತಿರುವ ಹಾಗೆ ಇದೊಂದೇ. 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಮಾಲೀಕರು ಕೆಲವು ವರ್ಷ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸದಲ್ಲಿದ್ದು ಊರಿಗೆ ವಾಪಸ್ ಬಂದವರು. ಹಾಗಾಗಿ ಸೂಪರ್ ರಗ್ಬಿ ಲೀಗ್‌ನಲ್ಲಿ ಆಡುವ ಆ ಊರಿನ ಕ್ರುಸೇಡರ್ಸ್ ತಂಡವೇ ಇಲ್ಲಿ ಮನೆದೇವರು. ಯೋಗ ಕಲಿಯಲು ಗೋಕುಲಂಗೆ ಬರುವ ಹೊರದೇಶದವರಲ್ಲಿ ರಗ್ಬಿ ಹುಚ್ಚಿರುವವರು ಈ ಜಾಗ ಹುಡುಕಿಕೊಂಡು ಬರುತ್ತಾರೆ. ಆದರೆ ಇದು ಬರೀ ಅವರ ಜಾಗ ಅಂದುಕೊಳ್ಳಬೇಡಿ. ಬಹುಪಾಲು ನಮ್ಮವರೇ. ಇಂಜಿನಿಯರಿಂಗ್ ಓದುವ ಹುಡುಗರು, ಜಿಮ್ ಮುಗಿಸಿ ಬರುವವರು, ಒಬ್ಬರು ನಿವೃತ್ತ ಬ್ಯಾಂಕ್ ನೌಕರರು, ಮಂಡ್ಯದಿಂದ ಬೈಕ್‌ನಲ್ಲಿ ಬರುವ ಇಬ್ಬರು ಪಿ.ಇ. ಮೇಷ್ಟ್ರು.

ಸಮಯವೂ ನಮಗೆ ಅನುಕೂಲ. ನ್ಯೂಜಿಲೆಂಡ್‌ನಲ್ಲಿ ಸಂಜೆ 7:05ಕ್ಕೆ ಶುರುವಾಗುವ ಪಂದ್ಯ ಫೆಬ್ರವರಿ, ಮಾರ್ಚ್‌ನಲ್ಲಿ ನಮಗೆ ಬೆಳಿಗ್ಗೆ 11:35ಕ್ಕೆ. ಏಪ್ರಿಲ್‌ನಲ್ಲಿ ಅವರು ಗಡಿಯಾರ ಹಿಂದೆ ಸರಿಸಿದ ಮೇಲೆ 12:35ಕ್ಕೆ. ಫ್ರಾನ್ಸ್‌ನ ರಾತ್ರಿ ಪಂದ್ಯಗಳ ಹಾಗೆ ಮಧ್ಯರಾತ್ರಿ ದಾಟುವವರೆಗೆ ನಿದ್ದೆಗೆಡಬೇಕಾಗಿಲ್ಲ.

ಈಗ ಬೋರ್ಡಿನ ವಿಷಯ. ನನ್ನ ಪ್ರಕಾರ ಈ ಕೆಫೆಯ ಜೀವ ಇರುವುದೇ ಅದರಲ್ಲಿ. ಅಡುಗೆಮನೆ ಬಾಗಿಲ ಪಕ್ಕ ಗೋಡೆಗೆ ಹೊಡೆದ ಉದ್ದನೆಯ ಬಿಳಿ ಬೋರ್ಡು. ಮೇಲುಗಡೆ 1ರಿಂದ 15ರವರೆಗೆ ಅಂಕಿ. ಪ್ರತಿ ಅಂಕಿ ಕೆಳಗೆ ರಟ್ಟಿನ ಚೂರುಗಳು, ಹಿಂದೆ ಆಯಸ್ಕಾಂತ, ಮೇಲೆ ಆಟಗಾರನ ಹೆಸರು. ಎಲ್ಲಾ ಕನ್ನಡದಲ್ಲೇ, ಮಾಲೀಕರ ಮಗಳ ದುಂಡಗಿನ ಅಕ್ಷರದಲ್ಲಿ. ಮೊದಲ ಸಾಲಿನಲ್ಲಿ ಈ ವಾರ ಆಡುವವರು. ಎರಡನೇ ಸಾಲಿನಲ್ಲಿ ಅವರಿಗೆ ಏನಾದರೂ ಆದರೆ ಬರುವವರು. ಮೂರನೇ ಸಾಲಿನಲ್ಲಿ ಇನ್ನೂ ಹೆಸರು ಮಾಡದ ಹುಡುಗರು. ಗಾಯವಾದವರ ಚೂರಿಗೆ ಕೆಂಪು ಚುಕ್ಕಿ, ವಿಶ್ರಾಂತಿ ಕೊಟ್ಟವರಿಗೆ ಹಳದಿ. ಎರಡು ಮೂರು ಜಾಗದಲ್ಲಿ ಆಡಬಲ್ಲವನ ಹೆಸರಿನಿಂದ ಬೇರೆ ಅಂಕಿಗಳಿಗೆ ನೀಲಿ ಗೆರೆ. ಡೇವಿಡ್ ಹವಿಲಿ ಹೆಸರಿನಿಂದಂತೂ 10, 12, 15 ಮೂರಕ್ಕೂ ಗೆರೆ ಹೋಗಿದೆ. ಬಲಗಡೆ ಬೇರೆಯದೇ ಒಂದು ಚೌಕ, ಅದರಲ್ಲಿ 16ರಿಂದ 23. ಅದರ ಮೇಲೆ ದಪ್ಪಕ್ಷರದಲ್ಲಿ "ಮೊದಲು ಇದನ್ನು ನೋಡಿ" ಅಂತ ಬರೆದಿದ್ದಾರೆ.

ಅದು ಸುಮ್ನೆ ಬರೆದದ್ದಲ್ಲ. ರಗ್ಬಿ ಯೂನಿಯನ್‌ನಲ್ಲಿ ಮೈದಾನಕ್ಕೆ ಇಳಿಯುವುದು 15 ಜನ, ಬೆಂಚಿನಲ್ಲಿ 8 ಜನ. 80 ನಿಮಿಷದ ಆಟ. ಕೊನೆಯ 20, 25 ನಿಮಿಷ ಆಡುವ ತಂಡ ಮೊದಲಿಗೆ ಇಳಿದ ತಂಡ ಆಗಿರುವುದೇ ಇಲ್ಲ, ಅರ್ಧಕ್ಕರ್ಧ ಬದಲಾಗಿರುತ್ತದೆ. ನಾವೆಲ್ಲಾ ಕ್ರಿಕೆಟ್ ನೋಡಿ ಬೆಳೆದವರು, ಆಡುವ 11 ಜನರ ಪಟ್ಟಿ ನೋಡಿ ಅಲ್ಲಿಗೇ ಲೆಕ್ಕ ಮುಗಿಸುವವರು. ಇಲ್ಲಿ ಆ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. ಪಂದ್ಯ ಶುರುವಾಗುವ ಮುಂಚೆ ಒಂದು ಹತ್ತು ನಿಮಿಷ ಆ ಬೋರ್ಡಿನ ಎದುರು ನಿಂತು ನೋಡಿ. ಯಾವ ತಂಡ ಯಾವ ಹೊತ್ತಿಗೆ ಏನು ಮಾಡಲು ಹೊರಟಿದೆ ಅನ್ನುವುದು ಅಲ್ಲೇ ಕಾಣುತ್ತದೆ. ಬೆಂಚಿನಲ್ಲಿ 5 ಫಾರ್ವರ್ಡ್, 3 ಬ್ಯಾಕ್ ಇದ್ದಾರಾ, 6-2 ಇದೆಯಾ, 7-1 ಇದೆಯಾ ಅನ್ನುವುದೇ ಒಂದು ಕಥೆ ಹೇಳುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1ರಿಂದ 8 ಫಾರ್ವರ್ಡ್‌ಗಳು, ಸ್ಕ್ರಮ್‌ನಲ್ಲಿ, ಅಂದರೆ ಎರಡೂ ಕಡೆಯವರು ತಲೆ ತಗ್ಗಿಸಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವಾಗ, ತಳ್ಳುವವರು. 9ರಿಂದ 15 ಬ್ಯಾಕ್‌ಗಳು, ಓಡುವವರು, ಒದೆಯುವವರು. ಇದರಲ್ಲಿ 1, 2, 3 ಮುಂದಿನ ಸಾಲು: ಇಬ್ಬರು ಪ್ರಾಪ್, ನಡುವೆ ಹೂಕರ್. ಈ ಮೂರು ಜಾಗಕ್ಕೆ ತರಬೇತಿ ಇಲ್ಲದವರನ್ನು ನಿಲ್ಲಿಸುವ ಹಾಗಿಲ್ಲ, ಕುತ್ತಿಗೆ ಮುರಿಯುವ ಅಪಾಯ ಇದೆ. ಅದಕ್ಕೇ ಬೆಂಚಿನ 8 ಜನರಲ್ಲಿ 3 ಜನ ಮುಂದಿನ ಸಾಲಿನವರೇ ಇರಬೇಕು ಅನ್ನುವುದು ನಿಯಮ. ಅಂದರೆ ಕೋಚ್ ಕೈಯಲ್ಲಿ ನಿಜವಾಗಿ ಉಳಿಯುವುದು 5 ಜಾಗ. ಅದರಲ್ಲಿ ಒಂದು ಸ್ಕ್ರಮ್ ಹಾಫ್‌ಗೆ (9ನೇ ನಂಬರ್, ಸ್ಕ್ರಮ್‌ನಿಂದ ಚೆಂಡು ತೆಗೆದು ಕೊಡುವವನು), ಒಂದು ಲಾಕ್‌ಗೆ (4, 5, ಸ್ಕ್ರಮ್‌ನ ಎರಡನೇ ಸಾಲು) ಅಂತ ಹೋದರೆ ಇನ್ನು 3. ಜಗಳ ಎಲ್ಲಾ ಆ ಮೂರರ ಮೇಲೆ. ಈ ಕೆಫೆಯಲ್ಲೂ ಅಷ್ಟೇ, ಶನಿವಾರದ ಚರ್ಚೆ ಎಲ್ಲಾ 21, 22, 23ನೇ ನಂಬರ್ ಸುತ್ತಲೇ ತಿರುಗುತ್ತದೆ.

ನಿಯಮ ಪಾಲಿಸಿದ ತಂಡಕ್ಕೂ ಗ್ರಹಚಾರ ಕೆಟ್ಟರೆ ಏನಾಗುತ್ತದೆ ಅಂತ ಮಾಲೀಕರು ಹೊಸಬರಿಗೆಲ್ಲಾ ಒಂದು ಪಂದ್ಯದ ಕಥೆ ಹೇಳುತ್ತಾರೆ. 2022ರ ಫೆಬ್ರವರಿ, ಡಬ್ಲಿನ್, ಐರ್ಲೆಂಡ್ ಮತ್ತು ಇಟಲಿ. ಇಟಲಿಯ ಹೂಕರ್ ಶುರುವಿನಲ್ಲೇ ಗಾಯಗೊಂಡು ಹೊರಗೆ ಹೋದ. ಅವನ ಜಾಗಕ್ಕೆ ಬಂದ ಬದಲಿ ಹೂಕರ್‌ಗೆ ಸ್ವಲ್ಪ ಹೊತ್ತಿನಲ್ಲೇ ರೆಡ್ ಕಾರ್ಡ್. ಇನ್ನು ಹೂಕರ್ ಇಲ್ಲ. ಸ್ಕ್ರಮ್ ತಳ್ಳಾಟ ಇಲ್ಲದೆ ಸುಮ್ನೆ ನಡೆಯಬೇಕಾಯಿತು. ಹಾಗೆ ಆದಾಗ ಅದರ ಲಾಭ ಯಾರೂ ಪಡೆಯಬಾರದು ಅಂತ ನಿಯಮದಲ್ಲಿ ಇನ್ನೊಬ್ಬ ಆಟಗಾರನನ್ನೂ ಹೊರಗೆ ಕಳಿಸಬೇಕು. ಇಟಲಿ 13 ಜನರಲ್ಲಿ ಆಡಿ 57-6ರಿಂದ ಸೋತಿತು. ಈ ಕಥೆ ಕೇಳಿದ ಮೇಲೆ ಬೋರ್ಡಿನಲ್ಲಿ 2ನೇ ನಂಬರ್ ಕೆಳಗೆ ಎಷ್ಟು ಹೆಸರಿದೆ ಅಂತ ನೋಡದೆ ಯಾರೂ ಕೂರುವುದಿಲ್ಲ.

ಆದರೆ ಈ ಜಾಗ ನನಗೆ ಇಷ್ಟ ಆಗುವುದಕ್ಕೆ ಮುಖ್ಯ ಕಾರಣ ಬೇರೆ. ಇಲ್ಲಿ ಕ್ರುಸೇಡರ್ಸ್ ಗೆದ್ದ ವರ್ಷಗಳ ಬಗ್ಗೆ ಮಾತ್ರ ಮಾತಾಡುವುದಿಲ್ಲ. ಸೋತ ವರ್ಷವನ್ನು ಬಿಚ್ಚಿ ಬಿಚ್ಚಿ ಮಾತಾಡುತ್ತಾರೆ. 2017ರಿಂದ 2023ರವರೆಗೆ ಒಂದು ವರ್ಷವೂ ಬಿಡದೆ ಪ್ರಶಸ್ತಿ ಗೆದ್ದ ತಂಡ ಅದು. 2024ರಲ್ಲಿ ಶುರುವಿನ 5 ಪಂದ್ಯ ಸೋತಿತು. 14ರಲ್ಲಿ 4 ಮಾತ್ರ ಗೆದ್ದಿತು. 12 ತಂಡಗಳಲ್ಲಿ ಒಂಬತ್ತನೇ ಸ್ಥಾನ, ಪ್ಲೇಆಫ್ ಕೂಡ ಇಲ್ಲ. ಹೇಗೆ? ಬೋರ್ಡಿನ ಪಕ್ಕ ಆ ವರ್ಷದ ಪಟ್ಟಿಯ ಫೋಟೋ ಹಾಕಿದ್ದಾರೆ, ಅದನ್ನು ನೋಡಿದರೆ ಅರ್ಥವಾಗುತ್ತದೆ. 2023 ಮುಗಿದ ಮೇಲೆ ಕೋಚ್ ಸ್ಕಾಟ್ ರಾಬರ್ಟ್‌ಸನ್ ಆಲ್ ಬ್ಲ್ಯಾಕ್ಸ್‌ಗೆ, ಅಂದರೆ ನ್ಯೂಜಿಲೆಂಡ್ ರಾಷ್ಟ್ರೀಯ ತಂಡಕ್ಕೆ ಹೋದರು. ಫ್ಲೈ ಹಾಫ್ (10ನೇ ನಂಬರ್, ಆಟ ನಡೆಸುವವನು) ರಿಚಿ ಮೊಉಂಗಾ ಜಪಾನ್‌ಗೆ ಹೋದ. ಲಾಕ್ ಸ್ಯಾಮ್ ವೈಟ್‌ಲಾಕ್, ಸೆಂಟರ್ (12, 13) ಜ್ಯಾಕ್ ಗುಡ್‌ಹ್ಯೂ, ವಿಂಗ್ (11, 14) ಲೆಸ್ಟರ್ ಫಾಯಿಂಗಾನುಕು, ಮೂವರೂ ಫ್ರಾನ್ಸ್‌ಗೆ. ಇದು ಮೊದಲೇ ಗೊತ್ತಿದ್ದ ನಷ್ಟ. ಅದರ ಮೇಲೆ ಗೊತ್ತಿಲ್ಲದ್ದು ಬಂತು. ಫುಲ್‌ಬ್ಯಾಕ್ (15) ವಿಲ್ ಜೋರ್ಡನ್ ಭುಜದ ಶಸ್ತ್ರಚಿಕಿತ್ಸೆ ಆಗಿ ಇಡೀ ಸೀಸನ್ ಆಡಲಿಲ್ಲ. ವೇಲ್ಸ್‌ನಿಂದ ಕರೆಸಿದ ಅನುಭವಿ ಲೀ ಹಾಫ್‌ಪೆನ್ನಿ ಸೀಸನ್ ಶುರುವಾಗುವ ಮುಂಚಿನ ಪಂದ್ಯದಲ್ಲೇ ಎದೆಯ ಸ್ನಾಯು ಹರಿದುಕೊಂಡ. ಮೊಉಂಗಾ ಜಾಗಕ್ಕೆ ಅಂದುಕೊಂಡಿದ್ದ ಫರ್ಗಸ್ ಬರ್ಕ್ ಕೂಡ ಗಾಯಗೊಂಡು ಕೂತ. ಹೂಕರ್ ಕೋಡಿ ಟೇಲರ್ ರಜೆ ಮೇಲಿದ್ದ.

ಆ ಫೋಟೋದಲ್ಲಿ 10 ಮತ್ತು 15ರ ಕೆಳಗೆ ಕೆಂಪು ಚುಕ್ಕಿಯೇ ಚುಕ್ಕಿ. ಮಾಲೀಕರು ಅದನ್ನು ತೋರಿಸಿ ಹೇಳುವ ಮಾತು ನನಗೆ ಸರಿ ಅನ್ನಿಸುತ್ತದೆ. ಗಾಯ ಎಲ್ಲಾ ತಂಡಕ್ಕೂ ಆಗುತ್ತದೆ, ಆದರೆ ಒಂದೇ ಅಂಕಿ ಕೆಳಗೆ ಮೂರು ಚುಕ್ಕಿ ಬಿದ್ದರೆ ಯಾವ ತಂಡವೂ ತಡೆಯುವುದಿಲ್ಲ. ಒಟ್ಟು ಎಷ್ಟು ಜನ ಗಾಯಗೊಂಡರು ಅಂತ ಎಣಿಸಿ ಏನೂ ಪ್ರಯೋಜನ ಇಲ್ಲ. ಯಾವ ಜಾಗದಲ್ಲಿ ಅನ್ನುವುದು ಮುಖ್ಯ. ವಿಂಗ್‌ನಲ್ಲಿ ನಾಲ್ಕು ಜನ ಚೆನ್ನಾಗಿದ್ದರೂ ಫ್ಲೈ ಹಾಫ್ ಇಲ್ಲದಿದ್ದರೆ ಅವರ ಕೈಗೆ ಚೆಂಡು ಸರಿಯಾಗಿ ಬರುವುದೇ ಇಲ್ಲ, ಅಲ್ವಾ?

ಮುಂದಿನ ವರ್ಷದ ಕಥೆ ಇನ್ನೂ ಚೆನ್ನಾಗಿದೆ. ರಾಬರ್ಟ್‌ಸನ್ ಜಾಗಕ್ಕೆ ಬಂದಿದ್ದ ಕೋಚ್ ರಾಬ್ ಪೆನ್ನಿಯನ್ನು ತೆಗೆಯಲಿಲ್ಲ. ಹಿಂದಿನ ವರ್ಷ ಪೆಟ್ಟು ತಿಂದ ಹುಡುಗರನ್ನೂ ಬಿಸಾಕಲಿಲ್ಲ. 10ನೇ ನಂಬರ್‌ನಲ್ಲಿ ಟಾಹಾ ಕೆಮಾರಾ, ರಿವೆಜ್ ರಿಹಾನಾ ಇಬ್ಬರನ್ನೂ ಆಡಿಸಿದರು. ಜೊತೆಗೆ ಆಸ್ಟ್ರೇಲಿಯಾದ ಹಳೇ ಹುಲಿ ಜೇಮ್ಸ್ ಓಕಾನರ್‌ನನ್ನು ಕರೆತಂದು ಬೆಂಚಿನಲ್ಲಿ ಕೂರಿಸಿದರು, ಕೊನೆಯ ಹೊತ್ತಿನ ಆಟ ನಡೆಸಲಿಕ್ಕೆ ಅಂತ. ಇದು ನನಗೆ ತುಂಬಾ ಇಷ್ಟವಾದ ಆಯ್ಕೆ. ಸಾಮಾನ್ಯವಾಗಿ ಹಿರಿಯರನ್ನು ಮೊದಲು ಇಳಿಸಿ ಹುಡುಗರನ್ನು ಕೊನೆಗೆ ಕಳಿಸುತ್ತಾರೆ. ಇಲ್ಲಿ ಉಲ್ಟಾ. ಒತ್ತಡ ಜಾಸ್ತಿ ಇರುವುದು ಕೊನೆಯಲ್ಲಿ ತಾನೇ, ತಲೆ ತಣ್ಣಗಿರುವವನು ಬೇಕಾಗಿರುವುದೂ ಆಗಲೇ. ಸ್ಕ್ರಮ್ ಹಾಫ್ ಕೈಲ್ ಪ್ರೆಸ್ಟನ್‌ನ ಕಥೆಯೂ ಹಾಗೇ. ಮೊದಲ ಸೂಪರ್ ರಗ್ಬಿ ಪಂದ್ಯದಲ್ಲೇ ಹರಿಕೇನ್ಸ್ ಎದುರು 3 ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಹಾಕಿದ. ಅಲ್ಲಿಯವರೆಗೆ ಬೋರ್ಡಿನಲ್ಲಿ ಮೂರನೇ ಸಾಲಿನಲ್ಲಿದ್ದ ಹೆಸರು ಅದು.

2025ರ ಜೂನ್ 21ರ ಫೈನಲ್ ಇಲ್ಲಿ ಕೂತು ನೋಡಿದವರಿಗೆ ಗೊತ್ತು. ಚೀಫ್ಸ್ ಎದುರು 16-12. ಮೆಟ್ಟಿಲ ಮೇಲೆಲ್ಲಾ ಜನ. ಕೊನೆಯ ಹತ್ತು ನಿಮಿಷ ಅಡುಗೆಯವರೂ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದರು. ಒಂಬತ್ತನೇ ಸ್ಥಾನದಿಂದ ಒಂದೇ ವರ್ಷದಲ್ಲಿ ಪ್ರಶಸ್ತಿ. ಹೊಸದಾಗಿ ದೊಡ್ಡ ಹೆಸರುಗಳನ್ನು ರಾಶಿ ಹಾಕಿ ಗೆದ್ದದ್ದಲ್ಲ. ಗಾಯವಾದವರು ವಾಪಸ್ ಬಂದರು, ಅವರಿಲ್ಲದಾಗ ಆಡಿ ಕಲಿತ ಹುಡುಗರು ಬೆಂಚಿಗೆ ಸಿಕ್ಕರು. ಸೋತ ವರ್ಷದ ಲಾಭ ಅಲ್ಲಿತ್ತು.

ನ್ಯೂಜಿಲೆಂಡ್ ತಂಡಗಳಲ್ಲಿ 38 ಜನರ ಪಟ್ಟಿ ಇರುತ್ತದೆ. ದೊಡ್ಡದು ಅನ್ನಿಸಬಹುದು. ಕಳೆಯುತ್ತಾ ಹೋಗಿ. ಯಾವ ವಾರ ನೋಡಿದರೂ ಕೆಲವರು ಗಾಯದಲ್ಲಿ ಇದ್ದೇ ಇರುತ್ತಾರೆ. ರಾಷ್ಟ್ರೀಯ ತಂಡದವರಿಗೆ ಸೀಸನ್ ನಡುವೆ ಕಡ್ಡಾಯ ವಿಶ್ರಾಂತಿ ಕೊಡಬೇಕು, ಎಷ್ಟೇ ಮುಖ್ಯ ಪಂದ್ಯ ಇದ್ದರೂ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಹೊರಗೆ ಕರೆಸಿ ಪರೀಕ್ಷೆ ಮಾಡುತ್ತಾರೆ, ಪಾಸಾಗದಿದ್ದರೆ ಆ ದಿನ ವಾಪಸ್ ಇಲ್ಲ, ಮುಂದಿನ ವಾರವೂ ಬಹುತೇಕ ಇಲ್ಲ. ಇಷ್ಟೆಲ್ಲಾ ಕಳೆದ ಮೇಲೆ ಉಳಿದವರಲ್ಲಿ 23 ಜನರನ್ನು ಆರಿಸಬೇಕು, ಅದರಲ್ಲಿ ಮುಂದಿನ ಸಾಲಿಗೇ 6 ಜನ ಬೇಕು. ಆಯ್ಕೆ ಮಾಡುವುದು ಅನ್ನುವುದಕ್ಕಿಂತ ಇದ್ದವರನ್ನು ಹೊಂದಿಸುವುದು ಅಂತಲೇ ಹೇಳಬೇಕು ಕೆಲವು ವಾರ.

ಬ್ಯಾಂಕ್‌ನ ಆ ಹಿರಿಯರು ಇದನ್ನು ನಮ್ಮ ರಣಜಿ ತಂಡಕ್ಕೆ ಹೋಲಿಸುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಮೈಸೂರಿನ ಶ್ರೀನಾಥ್, ಜೊತೆಗೆ ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್ ಎಲ್ಲಾ ಭಾರತ ತಂಡದಲ್ಲಿದ್ದರು. ಆದರೂ ಕರ್ನಾಟಕ 1995-96, 1997-98, 1998-99ರಲ್ಲಿ ರಣಜಿ ಗೆದ್ದಿತು. "ಸ್ಟಾರ್‌ಗಳು ಇಂಡಿಯಾ ಆಡೋಕೆ ಹೋದಾಗ ಇಲ್ಲಿ ಬೌಲಿಂಗ್ ಮಾಡಿದ್ದು ಯಾರು ಸ್ವಾಮಿ, ಅವರ ಹೆಸರು ಹೇಳಿ ನೋಡೋಣ" ಅಂತ ಹುಡುಗರನ್ನು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಯುರೋಪಿನ ಕ್ಲಬ್‌ಗಳಲ್ಲಿ ಇದು ಪ್ರತಿ ವರ್ಷದ ಪಾಡು. ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿ ನಡೆಯುವಾಗಲೂ ಫ್ರಾನ್ಸ್‌ನ ಟಾಪ್ 14 ಲೀಗ್ ಪೂರ್ತಿ ನಿಲ್ಲುವುದಿಲ್ಲ. ಯಾವ ಕ್ಲಬ್‌ನಲ್ಲಿ ರಾಷ್ಟ್ರೀಯ ಆಟಗಾರರು ಜಾಸ್ತಿಯೋ ಆ ಕ್ಲಬ್‌ಗೇ ಆ ವಾರಗಳಲ್ಲಿ ಕಷ್ಟ ಜಾಸ್ತಿ.

ಟಾಪ್ 14ರ ಟುಲೂಸ್ ಕ್ಲಬ್ ನೋಡಿ. 2025ರ ಮಾರ್ಚ್ 8ರಂದು ಡಬ್ಲಿನ್‌ನಲ್ಲಿ ಫ್ರಾನ್ಸ್ ಪರ ಆಡುವಾಗ ಆಂಟೊಯಿನ್ ಡುಪಾಂಟ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಜಗತ್ತಿನ ಅತ್ಯುತ್ತಮ ಸ್ಕ್ರಮ್ ಹಾಫ್, ಕ್ಲಬ್‌ಗೆ ಆ ಸೀಸನ್ ಇನ್ನು ಸಿಗುವುದಿಲ್ಲ. ಆದರೂ ಜೂನ್‌ನಲ್ಲಿ ಟುಲೂಸ್ ಫೈನಲ್‌ಗೆ ಬಂದು, ಹೆಚ್ಚುವರಿ ಸಮಯದಲ್ಲಿ ಬೋರ್ಡೊ ತಂಡವನ್ನು 39-33ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. 9ನೇ ನಂಬರ್‌ನಲ್ಲಿ ಆಡಿದ್ದು ಪಾಲ್ ಗ್ರಾವು. ಡುಪಾಂಟ್ ಇದ್ದಾಗ ಬೆಂಚಿನಲ್ಲಿ ಕೂತು ಕಾದವನು ಅವನು. ಸಿಕ್ಸ್ ನೇಷನ್ಸ್ ವಾರಗಳಲ್ಲಿ ಡುಪಾಂಟ್ ಇಲ್ಲದೆ ಆಡಿ ಅಭ್ಯಾಸ ಇದ್ದ ತಂಡಕ್ಕೆ ಜೂನ್‌ನಲ್ಲಿ ಅದು ಹೊಸದಾಗಿರಲಿಲ್ಲ.

ಅದೇ ಡಬ್ಲಿನ್ ಪಂದ್ಯ ಇಲ್ಲಿನ ದೊಡ್ಡ ಜಗಳಕ್ಕೂ ಕಾರಣ. ಆ ದಿನ ಫ್ರಾನ್ಸ್ ಬೆಂಚಿನಲ್ಲಿ 7 ಫಾರ್ವರ್ಡ್, ಬ್ಯಾಕ್ ಅಂತ ಇದ್ದದ್ದು ಮ್ಯಾಕ್ಸಿಮ್ ಲುಕು ಒಬ್ಬನೇ. ಡುಪಾಂಟ್ ಹೋದ, ಲುಕು ಬಂದ. ಆಮೇಲೆ ಸೆಂಟರ್ ಬರಾಸಿ ತಲೆಗೆ ಪೆಟ್ಟಾಗಿ ಹೊರಗೆ. ಇನ್ನು ಬ್ಯಾಕ್ ಇಲ್ಲ. ಓಸ್ಕರ್ ಜೆಗು ಅನ್ನುವ ಫ್ಲಾಂಕರ್‌ನನ್ನು (6, 7ನೇ ನಂಬರ್‌ನ ಫಾರ್ವರ್ಡ್) ಸೆಂಟರ್‌ನಲ್ಲಿ ನಿಲ್ಲಿಸಿದರು. ಅವನು ಟ್ಯಾಕಲ್ ಮಾಡಿಕೊಂಡು ನಿಭಾಯಿಸಿದ, ಬೆಂಚಿನಿಂದ ಒಟ್ಟಿಗೆ ಬಂದ ಫಾರ್ವರ್ಡ್‌ಗಳು ಐರ್ಲೆಂಡನ್ನು ಒತ್ತಿಬಿಟ್ಟರು, ಫ್ರಾನ್ಸ್ 42-27ರಿಂದ ಗೆದ್ದಿತು. ಮಾಲೀಕರಿಗೆ ಇದು 7-1 ಸರಿ ಅನ್ನುವುದಕ್ಕೆ ಸಾಕ್ಷಿ. 2023ರ ಆಗಸ್ಟ್‌ನಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ದಕ್ಷಿಣ ಆಫ್ರಿಕಾ ಇದೇ 7-1 ಇಟ್ಟುಕೊಂಡು ಆಲ್ ಬ್ಲ್ಯಾಕ್ಸ್ ತಂಡವನ್ನು 35-7ರಿಂದ ಹೊಡೆದದ್ದು ಅವರ ಇನ್ನೊಂದು ಸಾಕ್ಷಿ.

ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ತಂಡಕ್ಕೆ ಒಂದು ಟೂರ್ನಿಯಲ್ಲಿ ಇದು ನಡೆಯಬಹುದು, ಇಡೀ ದೇಶದ ಆಟಗಾರರು ಕೈಯಲ್ಲಿರುತ್ತಾರೆ. ಕ್ಲಬ್ ತಂಡ ವಾರಕ್ಕೊಂದರಂತೆ ತಿಂಗಳುಗಟ್ಟಲೆ ಆಡಬೇಕು. ಒಂದು ವಾರ ಇಬ್ಬರು ಬ್ಯಾಕ್‌ಗಳು ಗಾಯಗೊಂಡು, ಫ್ಲಾಂಕರ್ ಹೋಗಿ ಸೆಂಟರ್‌ನಲ್ಲಿ ನಿಂತು, ಅವನೂ ಅಭ್ಯಾಸ ಇಲ್ಲದ ಜಾಗದಲ್ಲಿ ಪೆಟ್ಟು ಮಾಡಿಕೊಂಡರೆ ಮುಂದಿನ ವಾರಕ್ಕೆ ಮೂರು ಜನ ಇಲ್ಲ. ಕ್ಲಬ್‌ಗೆ 6-2 ಸಾಕು, ಆ ಇಬ್ಬರಲ್ಲಿ ಒಬ್ಬ ಸ್ಕ್ರಮ್ ಹಾಫ್, ಇನ್ನೊಬ್ಬ ಹವಿಲಿ ಥರ ಮೂರು ಕಡೆ ಆಡಬಲ್ಲವನು. ಎಲ್ಲಾ ಕಡೆ ಆಡಬಲ್ಲವರು 10, 12, 15ರಲ್ಲಿ ಇದ್ದರೆ ಚಿನ್ನ. ಆದರೆ ಹೂಕರ್, 3ನೇ ನಂಬರ್ ಪ್ರಾಪ್, ಸ್ಕ್ರಮ್ ಹಾಫ್, ಈ ಮೂರು ಜಾಗಕ್ಕೆ ಅದೇ ಕೆಲಸ ಮಾಡಿ ಬೆಳೆದವನೇ ಬೇಕು.

ಇದಕ್ಕೆ ಅಲ್ಲಿರುವವರು ತಕ್ಷಣ 2023ರ ವಿಶ್ವಕಪ್ ಎತ್ತುತ್ತಾರೆ. ನಿಜ, ಅದು ನನ್ನ ವಾದಕ್ಕೆ ತೊಡಕು. ದಕ್ಷಿಣ ಆಫ್ರಿಕಾದ ಹೂಕರ್ ಮಾಲ್ಕಮ್ ಮಾರ್ಕ್ಸ್ ಟೂರ್ನಿ ನಡುವೆ ಗಾಯಗೊಂಡ. ಅವನ ಬದಲಿಗೆ ಇನ್ನೊಬ್ಬ ಹೂಕರ್ ಕರೆಸಲಿಲ್ಲ, ಫ್ಲೈ ಹಾಫ್ ಹಾಂಡ್ರೆ ಪೊಲಾರ್ಡ್‌ನನ್ನು ಕರೆಸಿದರು. ಉಳಿದದ್ದು ಬೊಂಗಿ ಎಂಬೊನಾಂಬಿ ಒಬ್ಬ, ಅವನ ಹಿಂದೆ ಡಿಯಾನ್ ಫೌರಿ, ಆ ಹೊತ್ತಿಗೆ ಜಾಸ್ತಿ ಫ್ಲಾಂಕರ್ ಆಗಿ ಆಡುತ್ತಿದ್ದವನು. ಫೈನಲ್ ಶುರುವಾಗಿ ಮೂರ್ನಾಲ್ಕು ನಿಮಿಷಕ್ಕೇ ಎಂಬೊನಾಂಬಿ ಹೊರಗೆ. ಉಳಿದ ಪಂದ್ಯ ಪೂರ್ತಿ ಫೌರಿ ಹೂಕರ್. ಲೈನ್‌ಔಟ್‌ಗೆ, ಅಂದರೆ ಚೆಂಡು ಮೈದಾನದ ಪಕ್ಕದ ಗೆರೆ ದಾಟಿದಾಗ ಹೂಕರ್ ಅದನ್ನು ಒಳಗೆ ಎಸೆಯುವಾಗ, ಒದ್ದಾಡಿದ. ಆದರೂ 12-11ರಿಂದ ಗೆದ್ದರು, ಆ 12 ಅಂಕವನ್ನೂ ಒದ್ದದ್ದು ಅದೇ ಪೊಲಾರ್ಡ್. ಒಂದು ಜಾಗದಲ್ಲಿ ತೆಳ್ಳಗಾದರೂ ಪರವಾಗಿಲ್ಲ, ಪಂದ್ಯ ಗೆಲ್ಲಿಸುವವನು ಬೇಕು ಅಂತ ಅವರು ತೀರ್ಮಾನ ಮಾಡಿದ್ದರು. ಧೈರ್ಯ ಮೆಚ್ಚುತ್ತೇನೆ. ಆದರೆ ಒಂದೇ ಅಂಕದ ಅಂತರ ಅದು, ಆಲ್ ಬ್ಲ್ಯಾಕ್ಸ್ ಒಂದು ರೆಡ್ ಕಾರ್ಡ್ ತಿಂದು ಪಂದ್ಯದ ಬಹುಭಾಗ 14 ಜನರಲ್ಲಿ ಆಡಿದ್ದರು. ಅದನ್ನು ನೋಡಿ ಪ್ರತಿ ವಾರ ಹಾಗೆ ಆಡಿಸಿ ಅನ್ನುವುದು ಸರಿಯಲ್ಲ.

ಇಂಥ ಮಾತು ಇಡೀ ಊರಲ್ಲಿ ಇನ್ನೆಲ್ಲಿ ಸಿಗುತ್ತದೆ ಹೇಳಿ. ಅದೂ ಕನ್ನಡದಲ್ಲಿ. ಪಿ.ಇ. ಮೇಷ್ಟ್ರು ಒಬ್ಬರು ಬೋರ್ಡಿನ ಮುಂದೆ ನಿಂತು "ಸಾರ್, ಈ ಹುಡುಗನ್ನ ಬೆಂಚಲ್ಲಿ ಕೂರಿಸಿದ್ದು ಅನ್ಯಾಯ" ಅಂತ ವಾದ ಮಾಡುತ್ತಾರೆ, ಮಾಲೀಕರು ದೋಸೆ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಉತ್ತರ ಕೊಡುತ್ತಾರೆ. ಹೊಸಬರು ಕೇಳಿದರೆ ಯಾರೂ ನಗುವುದಿಲ್ಲ. ಮಾಲೀಕರ ಮಗಳು ಖಾಲಿ ರಟ್ಟಿನ ಚೂರು ಕೊಟ್ಟು "ಅಂಕಲ್, ನೀವು ನಿಮ್ಮ 23 ಜೋಡಿಸಿ" ಅನ್ನುತ್ತಾಳೆ. ಜೋಡಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಎಲ್ಲರೂ ಮೊದಲು ಓಡುವವರನ್ನು, ಟ್ರೈ ಹಾಕುವವರನ್ನು ತುಂಬಿಬಿಡುತ್ತಾರೆ. ಕೊನೆಗೆ ನೋಡಿದರೆ ಬದಲಿ ಲಾಕ್ ಇರುವುದಿಲ್ಲ.

ತಿಂಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಫಿ ಗಟ್ಟಿಯಾಗಿ ಚೆನ್ನಾಗಿದೆ. ಮಸಾಲೆ ದೋಸೆ ಪರವಾಗಿಲ್ಲ, ಕೆಂಪು ಚಟ್ನಿ ಮಾತ್ರ ಬಹಳ ರುಚಿ. ಮದ್ದೂರು ವಡೆ ಗರಿಗರಿಯಾಗಿ ಇರುತ್ತದೆ, ಆದರೆ ಮೊದಲರ್ಧ ಮುಗಿಯುವ ಮುಂಚೆ ಖಾಲಿ. ಹೊರದೇಶದವರಿಗೆ ಅಂತ ಮಾಡುವ ಸ್ಮೂದಿ ಬೆಲೆ ಜಾಸ್ತಿ, ನನಗೆ ಬೇಡ. ಒಂದು ಕಾಫಿ ತೆಗೆದುಕೊಂಡು ಇಡೀ ಪಂದ್ಯ ಕೂತರೂ ಯಾರೂ ಮುಖ ಸಿಂಡರಿಸುವುದಿಲ್ಲ, ಅದು ದೊಡ್ಡ ವಿಷಯ.

ಇನ್ನು ಆ ಒಂದು ಅಂಕ. ಮಹಡಿ ಮೇಲೆ ಶೀಟ್ ಹಾಕಿದ್ದಾರೆ, ಏಪ್ರಿಲ್ ಮಧ್ಯಾಹ್ನ 12:35ರ ಪಂದ್ಯ ಅಂದರೆ ಬೆವರಿಳಿಯುತ್ತದೆ. ಇರುವ ಫ್ಯಾನ್ ಸಾಲುವುದಿಲ್ಲ. ಪ್ರೊಜೆಕ್ಟರ್ ಎದುರಿನ ಕಿಟಕಿಗೆ ತೆಳು ಬಟ್ಟೆ ಕಟ್ಟಿದ್ದಾರೆ, ಬಿಸಿಲು ಬಿದ್ದಾಗ ಜೆರ್ಸಿ ನಂಬರ್ ಕಾಣುವುದಿಲ್ಲ. ನಂಬರ್ ನೋಡಲಿಕ್ಕೇ ಬರುವ ಜಾಗದಲ್ಲಿ ಇದು ಸಣ್ಣ ತೊಂದರೆ ಅಲ್ಲ, ದಪ್ಪ ಪರದೆ ಹಾಕಲೇಬೇಕು. ಪಂದ್ಯ ಬರುವ ಆ್ಯಪ್ ಆಗಾಗ ನಿಂತುಬಿಡುತ್ತದೆ, ಅದರಲ್ಲಿ ಇವರ ತಪ್ಪಿಲ್ಲ, ಆದರೂ ಕರೆಂಟ್ ಹೋದರೆ ಇಂಟರ್ನೆಟ್ ಕೂಡ ಹೋಗುತ್ತದೆ, ಅದಕ್ಕೆ ಒಂದು ಸಣ್ಣ ಯುಪಿಎಸ್ ಇಟ್ಟರೆ ಸಾಕು. ಹೇಳಿದ್ದೇನೆ, ಇನ್ನೂ ಇಟ್ಟಿಲ್ಲ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಕಾರ್ ನಿಲ್ಲಿಸಲು ಜಾಗ ಇಲ್ಲ, ಅಕ್ಕಪಕ್ಕದ ಮನೆಯವರ ಗೇಟ್ ಎದುರು ನಿಲ್ಲಿಸಿ ಬೈಸಿಕೊಳ್ಳಬೇಡಿ.

ಬೋರ್ಡಿನ ಬಗ್ಗೆಯೂ ಒಂದು ದೂರು ಇದೆ. ಕ್ರುಸೇಡರ್ಸ್ ಪಟ್ಟಿ ಮೂರು ಸಾಲು, ಎದುರಾಳಿಯದ್ದು ಬರೀ 23 ಹೆಸರು ಒಂದು ಮೂಲೆಯಲ್ಲಿ. ಎದುರಾಳಿಗೆ ಯಾರು ಗಾಯ, ಯಾರಿಗೆ ವಿಶ್ರಾಂತಿ ಅನ್ನುವುದೂ ಗೊತ್ತಾಗಬೇಕು, ಇಲ್ಲದಿದ್ದರೆ ಗೆದ್ದದ್ದು ಯಾರ ಎದುರು ಅಂತ ಹೇಗೆ ತಿಳಿಯುವುದು? ಚೀಫ್ಸ್ ತಮ್ಮ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟ ವಾರದ ಗೆಲುವಿಗೂ ಪೂರ್ತಿ ತಂಡದ ಎದುರಿನ ಗೆಲುವಿಗೂ ವ್ಯತ್ಯಾಸ ಇದೆ. ಹಾಗೇ ನಮ್ಮ ದೇಶದ ರಗ್ಬಿ ಪ್ರೀಮಿಯರ್ ಲೀಗ್ ನಡೆಯುವಾಗ ಬೆಂಗಳೂರು ಬ್ರೇವ್‌ಹಾರ್ಟ್ಸ್ ಪಟ್ಟಿಗೂ ಒಂದು ಜಾಗ ಕೊಡಲಿ. ಅದು 7 ಜನರ ಆಟ, ಲೆಕ್ಕ ಬೇರೆ, ಆದರೆ ನಮ್ಮ ದೇಶದ ಹುಡುಗರ ಹೆಸರು ಆ ಬೋರ್ಡಿನಲ್ಲಿ ಕಾಣಬೇಕು ಅನ್ನುವುದು ನನ್ನ ಆಸೆ.

ಹೋಗುವವರಿಗೆ: 23ರ ಪಟ್ಟಿ ಪಂದ್ಯಕ್ಕೆ ಒಂದೆರಡು ದಿನ ಮುಂಚೆ ಬರುತ್ತದೆ, ಬೋರ್ಡು ಶುಕ್ರವಾರ ಸಂಜೆ ಸಿದ್ಧವಾಗಿರುತ್ತದೆ. ಶನಿವಾರ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಕಿಟಕಿಗೆ ಬೆನ್ನು ಮಾಡಿ ಕೂರುವ ಕುರ್ಚಿ ಸಿಗುತ್ತದೆ, ಅಲ್ಲಿಂದ ಪರದೆ, ಬೋರ್ಡು ಎರಡೂ ಕಾಣುತ್ತವೆ. ಪಂದ್ಯ ಆಸ್ಟ್ರೇಲಿಯಾದಲ್ಲಿ ಇದ್ದರೆ ಮಧ್ಯಾಹ್ನ 2, 3 ಗಂಟೆ ಆಗುತ್ತದೆ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಮದ್ದೂರು ವಡೆ ಬೇಕಿದ್ದರೆ ಹೋದ ತಕ್ಷಣ ಹೇಳಿಬಿಡಿ.